ಬೆಳಕಿಂಡಿಯ ಸುತ್ತ ಸೋರುವ ಮಣ್ಣಿನ ಮಾಳಿಗೆ: ನೀರನ್ನು ಹೊರಗೆ ಹರಿಸುವುದು ಹೇಗೆ?

ಕುಷ್ಟಗಿ ತಾಲ್ಲೂಕು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ, ಅಂದರೆ ಸಮತಟ್ಟಾದ ಮಣ್ಣಿನ ಚಾವಣಿಯ ಮನೆ. ಕಲ್ಲು ಮತ್ತು ಕೆಸರಿನ ದಪ್ಪ ಗೋಡೆಗಳು, ಬೇವಿನ ತೊಲೆಗಳು, ಅವುಗಳ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ ಮತ್ತು ಬಂದರಿಕೆ ಸೊಪ್ಪು, ಎಲ್ಲಕ್ಕಿಂತ ಮೇಲೆ ಮಣ್ಣು. ಚಾವಣಿ ಸುಮಾರು 20 ಅಡಿ ಅಗಲ, 30 ಅಡಿ ಉದ್ದ ಇದೆ. ಬೆಳಕಿಗಾಗಿ ಚಾವಣಿಯಲ್ಲಿ ಬಿಟ್ಟ ಬೆಳಕಿಂಡಿಗಳು ಪಡಸಾಲೆಯಲ್ಲಿ ಒಂದು, ಅಡುಗೆ ಮನೆಯಲ್ಲಿ ಒಂದು ಇವೆ.

ಕಳೆದ ಉತ್ತರಿ ಮಳೆಯಲ್ಲಿ ಅಡುಗೆ ಮನೆಯ ಬೆಳಕಿಂಡಿಯ ಪಕ್ಕದಿಂದ ನೀರು ಇಳಿಯಲು ಶುರುವಾಯಿತು. ಒಲೆಯ ಹಿಂದಿನ ಗೋಡೆಯ ಮೇಲೆ ಕಂದು ಬಣ್ಣದ ಪಟ್ಟೆಗಳು ಮೂಡಿವೆ, ಅಲ್ಲಿನ ಒಂದು ಜಂತಿಯನ್ನು ಚಾಕುವಿನಿಂದ ಚುಚ್ಚಿದರೆ ತುದಿ ಸ್ವಲ್ಪ ಒಳಗೆ ಹೋಗುತ್ತದೆ. ಮಳೆ ನಿಂತು ಮರುದಿನ ಮಧ್ಯಾಹ್ನ ಮೇಲೆ ಹತ್ತಿ ನೋಡಿದಾಗಲೂ ಬೆಳಕಿಂಡಿಯ ಉತ್ತರದ ಬದಿಯಲ್ಲಿ ನೀರು ಮಡುವಾಗಿ ನಿಂತಿತ್ತು. ಪ್ರತಿ ವರ್ಷ ಮುಂಗಾರಿಗೆ ಮೊದಲು ನಾವು ತಪ್ಪದೆ ಹೊಸ ಮಣ್ಣು ಹಾಕಿಸುತ್ತೇವೆ, ಹಾಗಿದ್ದೂ ಹೀಗಾಗಿದೆ.

ಊರಿನ ಗೌಂಡಿಯವರು ಇಡೀ ಮಾಳಿಗೆಯ ಮೇಲೆ ಎರಡು ಇಂಚು ಸಿಮೆಂಟ್ ಕಾಂಕ್ರೀಟ್ ಹಾಕಿ ಮುಗಿಸೋಣ ಎನ್ನುತ್ತಾರೆ. ಮಾಳಿಗೆಯನ್ನೇ ತೆಗೆದು ತಗಡು ಹೊದಿಸಿ ಎಂದು ಸಂಬಂಧಿಕರು ಹೇಳುತ್ತಾರೆ. ಬೇಸಿಗೆಯಲ್ಲಿ ಈ ಮನೆಯ ತಂಪನ್ನು ಬಿಟ್ಟುಕೊಡಲು ನಮ್ಮ ತಾಯಿಗೆ ಮನಸ್ಸಿಲ್ಲ, ನನಗೂ ಇಲ್ಲ. ಅನುಭವ ಇರುವವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬಳ್ಳಾರಿ

ಅಕ್ಕಾವರೇ, ಮಣ್ಣಿನ ಮೇಲೆ ಸಿಮೆಂಟ್ ಹಾಕಿಸುವ ಮೊದಲು ದಯವಿಟ್ಟು ಒಂದು ವಾರ ತಡೆಯಿರಿ. ಕುರುಗೋಡು ಕಡೆಯ ನಮ್ಮ ಬಳಗದ ಒಂದು ಮನೆಯಲ್ಲಿ ಇದೇ ಕೆಲಸ ಮಾಡಿಸಿದ್ದರು. ಎರಡನೆಯ ಬೇಸಿಗೆಗೇ ಕಾಂಕ್ರೀಟ್ ಬಿರುಕು ಬಿಟ್ಟಿತು, ಬಿರುಕಿನಿಂದ ಒಳಗೆ ಹೋದ ನೀರಿಗೆ ಆರಿ ಹೋಗಲು ದಾರಿ ಉಳಿಯಲಿಲ್ಲ, ಕೊನೆಗೆ ತೊಲೆಯ ತುದಿಗಳನ್ನು ಗೆದ್ದಲು ತಿಂದು ಹಾಕಿತು. ನಿಮ್ಮ ಮಾಳಿಗೆಯಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ, ನೀರನ್ನು ಗೋಡೆಯಾಚೆ ಬೀಳಿಸುವ ದೋಣಿಗಳು ಎಷ್ಟಿವೆ, ಬೆಳಕಿಂಡಿಯ ಸುತ್ತಲಿನ ಕಟ್ಟೆ ಮಣ್ಣಿನಿಂದ ಎಷ್ಟು ಎತ್ತರ ಇದೆ, ಇಷ್ಟನ್ನು ತಿಳಿಸಿದರೆ ಮಾತು ಮುಂದುವರಿಸಲು ಅನುಕೂಲವಾಗುತ್ತದೆ.

ಕುಷ್ಟಗಿ ತಾಲ್ಲೂಕು

ನೀರು ಉತ್ತರದಿಂದ ದಕ್ಷಿಣಕ್ಕೆ ಹರಿಯಬೇಕು. ದಕ್ಷಿಣದ ಗೋಡೆಯಲ್ಲಿ ಎರಡು ದೋಣಿಗಳಿವೆ, ಅವುಗಳಲ್ಲಿ ಒಂದರ ಬಾಯಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿ ಮುಚ್ಚಿಹೋಗಿದೆ. ಬೆಳಕಿಂಡಿಯ ಕಲ್ಲಿನ ಕಟ್ಟೆ ಒಂದು ಗೇಣಿಗಿಂತ ಎತ್ತರ ಇತ್ತೆಂದು ತಾಯಿ ಹೇಳುತ್ತಾರೆ. ಈಗ ಅಳೆದರೆ ಉತ್ತರದ ಬದಿಯಲ್ಲಿ ನಾಲ್ಕು ಬೆರಳು ಮಾತ್ರ ಇದೆ.

ರಾಯಚೂರು (ನಿವೃತ್ತ ಎಂಜಿನಿಯರ್)

ನಿಮ್ಮ ಈ ಎರಡನೆಯ ಉತ್ತರದಲ್ಲಿಯೇ ಸೋರಿಕೆಯ ಕಾರಣ ಇದೆ. ಕಟ್ಟೆ ಕುಸಿದಿಲ್ಲ, ಮಾಳಿಗೆ ಮೇಲೇರಿದೆ. ವರ್ಷ ವರ್ಷವೂ ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಹೊಸ ಮಣ್ಣನ್ನು ಅದರ ಮೇಲೆಯೇ ಹರಡುತ್ತಾ ಬಂದರೆ ಬೆಳಕಿಂಡಿಯ ಕಟ್ಟೆ ಮಣ್ಣಿನೊಳಗೆ ಹೂತು ಹೋಗುತ್ತದೆ, ದೋಣಿಯ ಬಾಯಿಯೂ ಅದರೊಂದಿಗೆ ಹೂತು ಹೋಗುತ್ತದೆ, ಮತ್ತು ನೀರು ಹೋಗಬೇಕಾದ ದಾರಿ ಕಿರಿದಾಗುತ್ತಾ ನೀರು ನಿಲ್ಲುವ ಜಾಗ ಹಿಗ್ಗುತ್ತಾ ಬರುತ್ತದೆ. ಆದ್ದರಿಂದ ನಿಮ್ಮ ಮಾಳಿಗೆಗೆ ಈಗ ಬೇಕಾಗಿರುವುದು ಇನ್ನೊಂದು ಪದರವಲ್ಲ. ಇರುವ ಪದರಗಳಲ್ಲಿ ಕೆಲವನ್ನು ತೆಗೆಯಬೇಕಾಗಿದೆ.

ಭಾರದ ಲೆಕ್ಕವನ್ನೂ ನೋಡಿ. 600 ಚದರ ಅಡಿಯ ಮೇಲೆ ಎರಡು ಇಂಚು ಮಣ್ಣು ಹರಡಿದರೆ 100 ಘನ ಅಡಿ ಆಗುತ್ತದೆ, ಒಣಗಿದ ಸ್ಥಿತಿಯಲ್ಲಿಯೇ ಅದು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ನೆನೆದಾಗ ತೂಕ ಇನ್ನೂ ಏರುತ್ತದೆ. ನಿಮ್ಮ ಗೌಂಡಿಯವರು ಹೇಳಿದ ಎರಡು ಇಂಚು ಕಾಂಕ್ರೀಟ್ ಆದರೆ ಆರೂವರೆ ಟನ್ನಿಗೂ ಹೆಚ್ಚು. ಚಾಕುವಿನ ತುದಿ ಹೋಗುವಷ್ಟು ಮೆತ್ತಗಾದ ಜಂತಿಗಳ ಮೇಲೆ ಇಷ್ಟು ಭಾರ ಹೊರಿಸುವುದು ಅಪಾಯಕಾರಿ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ನಮ್ಮ ಜಿಲ್ಲೆಗಳಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದದ್ದು ನಿಮಗೂ ನೆನಪಿರಬಹುದು. ಎಡೆಬಿಡದೆ ಸುರಿಯುವ ಮಳೆಯಲ್ಲಿ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ, ಅದೇ ಹೊತ್ತಿಗೆ ಅದನ್ನು ಹೊತ್ತ ಗೋಡೆಯ ತಲೆಯೂ ನೆನೆದು ಶಕ್ತಿ ಕಳೆದುಕೊಳ್ಳುತ್ತದೆ. ನೀರು ನಿಲ್ಲದೆ ಹರಿದುಹೋದರೆ ಈ ಎರಡೂ ಅಪಾಯಗಳು ಕಡಿಮೆಯಾಗುತ್ತವೆ.

ಇನ್ನು ನೀರಿನ ಲೆಕ್ಕ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 650 ಮಿಲಿಮೀಟರ್ ಮಾತ್ರ, ಆದರೆ ಬೀಳುವಾಗ ಒಮ್ಮೆಲೇ ಸುರಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಚಾವಣಿ ಸುಮಾರು 56 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಮಳೆ ಹೊಡೆದರೆ ನಿಮಿಷಕ್ಕೆ ಸುಮಾರು 46 ಲೀಟರ್ ನೀರು ನಿಮ್ಮ ದೋಣಿಗಳಿಂದ ಹೊರಗೆ ಬೀಳಬೇಕು. ಎರಡರಲ್ಲಿ ಒಂದರ ಬಾಯಿ ಮುಚ್ಚಿದ್ದರೆ ಆ ನೀರು ಹಿಂದಕ್ಕೆ ಒತ್ತಿ ಬಂದು ಬೆಳಕಿಂಡಿಯ ಬುಡ ಸೇರುತ್ತದೆ.

ಇಳಿಜಾರು ಎಷ್ಟಿರಬೇಕು ಎಂದರೆ, ಆರ್‌ಸಿಸಿ ಚಾವಣಿಗೆ ನೂರಕ್ಕೆ ಒಂದು ಇದ್ದರೂ ನಡೆಯುತ್ತದೆ, ಮಣ್ಣಿನ ಮಾಳಿಗೆಗೆ ನಲವತ್ತಕ್ಕೆ ಒಂದು ಬೇಕು. ನಿಮ್ಮ ನೀರು 20 ಅಡಿ ಹರಿಯುವುದಾದರೆ ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಆರು ಇಂಚು ಎತ್ತರದಲ್ಲಿರಬೇಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗೌಂಡಿಗಳು ಮಟ್ಟ ನೋಡುವ ರೀತಿಯಲ್ಲಿಯೇ ಮೂರು ನಾಲ್ಕು ಜಾಗಗಳಲ್ಲಿ ಅಳೆದು ನೋಡಿ.

ಸಿಂಧನೂರು (ಗೌಂಡಿ ಕೆಲಸ)

ಸಾಹೇಬರು ಹೇಳಿದ್ದು ಸರಿಯಾಗಿದೆ. ನಾನು ಮಣ್ಣಿನ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಯಾವ ಮಣ್ಣನ್ನು ಎಲ್ಲಿ ಹಾಕಬೇಕು ಎಂಬ ತಿಳಿವಳಿಕೆ ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿದೆ ಎಂಬ ಸಂಕಟ ನನಗಿದೆ.

ಎರೆ ಮಣ್ಣನ್ನು, ಅಂದರೆ ಕಪ್ಪು ಮಣ್ಣನ್ನು, ಮಾಳಿಗೆಗೆ ಎಂದೂ ಹಾಕಬಾರದು. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬೆರಳು ಹೋಗುವಷ್ಟು ಬಿರಿಯುತ್ತದೆ. ಕೆಳಗಿನ ಪದರಕ್ಕೆ ಮಸಾರಿ ಮಣ್ಣಿಗೆ (ಕೆಂಪು ಮಣ್ಣಿಗೆ) ಹೊಟ್ಟು ಬೆರೆಸಿ, ಕೆಲವು ದಿನ ಕೊಳೆಸಿ, ತುಳಿದು ಹಾಕಬೇಕು. ಮೇಲಿನ ತೆಳುವಾದ ಪದರಕ್ಕೆ ಚೌಳು ಮಣ್ಣು. ಉಪ್ಪಿನಂಶ ಇರುವ ಈ ಮಣ್ಣಿನ ಕಣಗಳು ನೀರು ತಗುಲಿದ ಕೂಡಲೇ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ, ಆಮೇಲೆ ಬೀಳುವ ನೀರು ಕೆಳಗೆ ಇಳಿಯದೆ ಮೇಲೆಯೇ ಜಾರುತ್ತದೆ. ಯಾವ ಹೊಲದಲ್ಲಿ ನೀರು ಇಂಗದೆ ಬೆಳೆ ಸಾಯುತ್ತದೆಯೋ ಆ ಹೊಲದ ಮಣ್ಣು ಮಾಳಿಗೆಗೆ ಒಳ್ಳೆಯದು. ತುಂಗಭದ್ರಾ ಕಾಲುವೆಯ ಕೆಳಭಾಗದ ಊರುಗಳಲ್ಲಿ ಇಂತಹ ಮಣ್ಣಿಗೆ ಬರವಿಲ್ಲ. ತರುವ ಮೊದಲು ಒಂದು ಗಾಜಿನ ಲೋಟದ ನೀರಿನಲ್ಲಿ ಒಣಗಿದ ಹೆಂಟೆಯೊಂದನ್ನು ಹಾಕಿ ಕಲಕದೆ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಹೆಂಟೆಯ ಸುತ್ತ ಹಾಲಿನಂತಹ ಮಬ್ಬು ಹರಡಿ, ಮರುದಿನವೂ ನೀರು ತಿಳಿಯಾಗದೆ ಇದ್ದರೆ ಆ ಮಣ್ಣು ಕೆಲಸಕ್ಕೆ ಬರುತ್ತದೆ.

ಚೌಳು ಮಣ್ಣಿಗೂ ಒಂದು ದೋಷವಿದೆ. ನೀರು ಒಂದೇ ಕಡೆ ಒಟ್ಟಾಗಿ ರಭಸದಿಂದ ಹರಿದರೆ ಅದು ಕೊಚ್ಚಿಹೋಗುತ್ತದೆ. ಆದುದರಿಂದ ದೋಣಿಯ ಬಾಯಿಯ ಮುಂದೆ ಎರಡು ಅಡಿಯಷ್ಟು ಜಾಗಕ್ಕೆ ಕಡಪ ಕಲ್ಲಿನ ತುಂಡುಗಳನ್ನು ಹಾಸಿ ಸುಣ್ಣದ ಗಾರೆಯಲ್ಲಿ ಕೂರಿಸಬೇಕು. ಬರಿ ಮಣ್ಣು ದೋಣಿಯ ಬಾಯಿಯಲ್ಲಿ ಒಂದು ಮಳೆಗಾಲವನ್ನೂ ತಡೆಯುವುದಿಲ್ಲ.

ಲಿಂಗಸುಗೂರು

ಇಷ್ಟೆಲ್ಲ ಶ್ರಮ ಏಕೆ? ಹಳೆಯ ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎರಡು ಇಂಚು ಮಣ್ಣು ಹಾಕಿದರೆ ಸಾಕಲ್ಲವೇ? ನಮ್ಮ ಓಣಿಯಲ್ಲಿ ಹಲವರು ಹಾಗೆಯೇ ಮಾಡಿದ್ದಾರೆ, ಸೋರುತ್ತಿಲ್ಲ.

ರಾಯಚೂರು (ನಿವೃತ್ತ ಎಂಜಿನಿಯರ್)

ಹಾಳೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅದು ಇಳಿಜಾರಿನ ಬದಲಿಗೆ ಬರುವ ವಸ್ತುವಲ್ಲ. ಹಾಳೆಯ ಕೆಳಗಿನ ಮಣ್ಣು ತಗ್ಗಾಗಿದ್ದರೆ ಹಾಳೆಯೂ ಅಲ್ಲಿ ತಗ್ಗಾಗುತ್ತದೆ, ಆ ತಗ್ಗಿನಲ್ಲಿ ನೀರು ನಿಂತು ಮೇಲಿನ ಮಣ್ಣು ವಾರಗಟ್ಟಲೆ ಕೆಸರಾಗಿರುತ್ತದೆ. ಬೆಳಕಿಂಡಿಯ ಹತ್ತಿರ ಹಾಳೆಯನ್ನು ಕತ್ತರಿಸಲೇಬೇಕು, ಕತ್ತರಿಸಿದ ಅಂಚನ್ನು ಕಟ್ಟೆಯ ಮೇಲಕ್ಕೆ ಮಡಚಿ ಕಲ್ಲಿನಡಿ ಸಿಕ್ಕಿಸದೆ ಬಿಟ್ಟರೆ ಇಡೀ ಮಾಳಿಗೆಯ ನೀರು ಆ ಕೊಯ್ತದ ಬಾಯಿಂದಲೇ ಅಡುಗೆ ಮನೆಗೆ ಇಳಿಯುತ್ತದೆ. ಮೊದಲು ಇಳಿಜಾರು, ಆಮೇಲೆ ಕಟ್ಟೆಯ ಎತ್ತರ, ಆಮೇಲೆ ಬೇಕಿದ್ದರೆ ಹಾಳೆ.

ಮಾನ್ವಿ ಮೂಲದವರು, ಸದ್ಯ ಇಂಗ್ಲೆಂಡ್

ಊರಿನ ಮಾಳಿಗೆಯ ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ. ನಾನು ಇಲ್ಲಿ ಹಳೆಯ ಕಟ್ಟಡಗಳ ದುರಸ್ತಿಯ ಕೆಲಸದಲ್ಲಿದ್ದೇನೆ. ಇಲ್ಲಿನ ಮನೆಗಳ ಇಳಿಜಾರು ಚಾವಣಿಯ ನಡುವೆ ಕಿಟಕಿ ಸಹಿತ ಹೊರಕ್ಕೆ ಎದ್ದು ನಿಲ್ಲುವ ಪುಟ್ಟ ಗೂಡುಗಳಿರುತ್ತವೆ, ಅವಕ್ಕೆ ಡಾರ್ಮರ್ ಎನ್ನುತ್ತಾರೆ. ಅವುಗಳ ನೆತ್ತಿಗೆ ಸೀಸದ ಹಾಳೆ ಹೊದಿಸುವ ರೂಢಿ ಇದೆ. ಸೋರಿಕೆಯ ದೂರು ಬಂದಾಗ ಕಾಣುವುದು ಹೆಚ್ಚಾಗಿ ಇದೇ ಸಮಸ್ಯೆಗಳು: ನೆತ್ತಿಯ ಇಳಿಜಾರು ಸಾಲದೆ ನೀರು ನಿಂತಿರುವುದು, ಗೂಡಿನ ಬೆನ್ನಿಗೆ ಎಲೆ ಮತ್ತು ಪಾಚಿ ತುಂಬಿ ನೀರಿನ ದಾರಿ ಕಟ್ಟಿರುವುದು, ಗೋಡೆಗೆ ತಾಗುವ ಕಡೆ ಹಾಳೆಯನ್ನು ಸಾಕಷ್ಟು ಮೇಲಕ್ಕೆ ಎತ್ತಿ ಮಡಚದೆ ಇರುವುದು.

ಇಲ್ಲಿನ ಪದ್ಧತಿಯಲ್ಲಿ ಸಮತಟ್ಟಾದ ಸೀಸದ ಚಾವಣಿಗೂ ಕನಿಷ್ಠ ಎಂಬತ್ತಕ್ಕೆ ಒಂದರಷ್ಟು ಇಳಿಜಾರು ಕೊಡುತ್ತಾರೆ, ಗೋಡೆ ಸೇರುವಲ್ಲಿ 150 ಮಿಲಿಮೀಟರ್, ಅಂದರೆ ಸುಮಾರು ಆರು ಇಂಚು, ಮೇಲಕ್ಕೆ ಎತ್ತುತ್ತಾರೆ. ನಿಮ್ಮ ಬೆಳಕಿಂಡಿಯ ಕಟ್ಟೆಗೂ ಆ ಆರು ಇಂಚು ಬೇಕೇ ಬೇಕು. ಇನ್ನೊಂದು ವಿಷಯ: ಸೀಸ ಬಿಸಿಲಿಗೆ ಬಹಳ ಹಿಗ್ಗುವ ಲೋಹ. ಅದನ್ನು ಒಂದೇ ಉದ್ದನೆಯ ಹಾಳೆಯಾಗಿ ಹಾಸಿ ಎಲ್ಲಾ ಅಂಚುಗಳಿಗೂ ಮೊಳೆ ಹೊಡೆದರೆ ಕೆಲವೇ ವರ್ಷಗಳಲ್ಲಿ ಸೀಳುತ್ತದೆ, ಚಿಕ್ಕ ಚಿಕ್ಕ ಹಾಳೆಗಳಾಗಿ ಹಿಗ್ಗಲು ಎಡೆ ಬಿಟ್ಟು ಹೊದಿಸಿದರೆ ನೂರು ವರ್ಷವೂ ಬಾಳುತ್ತದೆ. ಮಣ್ಣು ಮತ್ತು ಕಟ್ಟಿಗೆಯ ಮಾಳಿಗೆಯೂ ಬಿಸಿಲು ಮಳೆಗಳಿಗೆ ತಕ್ಕಂತೆ ಅಲುಗುವ ವಸ್ತು. ಅದರ ಮೇಲೆ ಅಲುಗದ ಕಾಂಕ್ರೀಟ್ ಹಾಸಿದರೆ ಬಿರಿಯದೆ ಇನ್ನೇನಾಗುತ್ತದೆ?

ಸೀಸವನ್ನು ನಮ್ಮ ಊರಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಮಾಳಿಗೆಯ ನೀರನ್ನು ಹಂಡೆಗೆ ಹಿಡಿದು ಬಳಸುವ ಮನೆಗಳಲ್ಲಿ ಅದು ವಿಷ.

ಗಂಗಾವತಿ

ಬೆಳಕಿಂಡಿಯ ಉತ್ತರದ ಬದಿಗೆ ನೀರು ನೇರವಾಗಿ ಬಂದು ಹೊಡೆಯುತ್ತಿದ್ದರೆ ಕಟ್ಟೆ ಎಷ್ಟೇ ಎತ್ತರ ಇದ್ದರೂ ಅಲ್ಲಿ ಮಡು ಕಟ್ಟುತ್ತದೆ. ಆ ಬದಿಯಲ್ಲಿ ಎತ್ತಿನ ಬೆನ್ನಿನಂತೆ ನಡುವೆ ಎತ್ತರವಾಗಿ ಎರಡು ಕಡೆಗೆ ಇಳಿಯುವ ಪುಟ್ಟ ದಿಬ್ಬವನ್ನು ಮಣ್ಣಿನಲ್ಲಿಯೇ ಮಾಡಿಸಿರಿ. ಬಂದ ನೀರು ಎಡಕ್ಕೂ ಬಲಕ್ಕೂ ಸೀಳಿ ಮುಂದೆ ಹೋಗುತ್ತದೆ. ಆನೆಗೊಂದಿಯ ಕಡೆ ಹಳೆಯ ಮನೆಗಳಲ್ಲಿ ಇದನ್ನು ನೋಡಿದ್ದೇನೆ.

ಕುಷ್ಟಗಿ ತಾಲ್ಲೂಕು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೈಪಿನಿಂದ ಮಟ್ಟ ನೋಡಿದೆವು. ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಎರಡೂವರೆ ಇಂಚು ಮಾತ್ರ ಎತ್ತರದಲ್ಲಿದೆ, ಬೆಳಕಿಂಡಿಯ ಹಿಂದಿನ ಜಾಗ ಅದರ ಸುತ್ತಲಿನ ಮಣ್ಣಿಗಿಂತಲೂ ತಗ್ಗಾಗಿದೆ. ದಕ್ಷಿಣದ ಅಂಚಿನಲ್ಲಿ ಹಾರೆಯಿಂದ ಒಂದು ಕಡೆ ಅಗೆದು ನೋಡಿದಾಗ ಮಣ್ಣಿನ ದಪ್ಪ ಒಂದು ಅಡಿಗಿಂತ ಹೆಚ್ಚಿತ್ತು. ಅಗೆದ ಬದಿಯಲ್ಲಿ ಒಂದರ ಮೇಲೊಂದು ತೆಳುವಾದ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ನಡುನಡುವೆ ಜೋಳದ ಹೊಟ್ಟಿನ ಗೆರೆಗಳು, ಒಂದು ಕಡೆ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿಯ ಬೀಜಗಳೂ ಸಿಕ್ಕವು. ಎಷ್ಟು ಮಣ್ಣನ್ನು ತೆಗೆಯಬಹುದು ಮತ್ತು ಕೆಲಸ ಎಲ್ಲಿಂದ ಶುರು ಮಾಡಬೇಕು?

ಸಿಂಧನೂರು (ಗೌಂಡಿ ಕೆಲಸ)

ಅಕ್ಕಾವರೇ, ಯುಗಾದಿ ಮುಗಿದ ಮೇಲೆ ಶುರು ಮಾಡಿ, ರೋಹಿಣಿ ಮಳೆಯೊಳಗೆ ಮುಗಿಸಿ. ಮಣ್ಣು ಆರಲು ಬಿಸಿಲು ಬೇಕು. ಮೊದಲು ಕೆಳಗೆ, ಮೆತ್ತಗಾದ ಜಂತಿಯ ಪಕ್ಕದಲ್ಲಿ ಕಟ್ಟಿಗೆಯ ಆಸರೆ ಕಂಬ ಕೊಡಿಸಿ. ಆ ಆಸರೆ ಇಲ್ಲದೆ ಯಾರನ್ನೂ ಮೇಲೆ ಹತ್ತಿಸಬೇಡಿ. ಬಡಿಗೇರರನ್ನು ಕರೆಸಿ ಪ್ರತಿಯೊಂದು ತೊಲೆಯ ತುದಿಯನ್ನು, ಅದು ಗೋಡೆಯೊಳಗೆ ಹೋಗುವ ಜಾಗದಲ್ಲಿ, ಪರೀಕ್ಷೆ ಮಾಡಿಸಿ. ಕೊಳೆತ ಜಂತಿಯನ್ನು ಬದಲಿಸುವುದಕ್ಕೆ ಆ ಭಾಗದ ಮಣ್ಣನ್ನು ಸೊಪ್ಪಿನವರೆಗೂ ತೆಗೆಯಬೇಕಾಗುತ್ತದೆ.

ಉಳಿದ ಕಡೆ ಹಳೆಯ ಮಣ್ಣನ್ನು ದಕ್ಷಿಣದ ಅಂಚಿನಲ್ಲಿ ಹೆಚ್ಚು, ಉತ್ತರಕ್ಕೆ ಹೋದಂತೆ ಕಡಿಮೆ ಕೆರೆಯುತ್ತಾ ಬನ್ನಿ. ಹೀಗೆ ಕೆರೆಯುವುದರಲ್ಲಿಯೇ ಇಳಿಜಾರು ಬರುತ್ತದೆ, ಮೇಲೆ ಮಣ್ಣು ಏರಿಸುವ ಅಗತ್ಯ ಬಹಳ ಕಡಿಮೆ. ಒಂದೇ ಬದಿಯ ಮಣ್ಣನ್ನೆಲ್ಲ ಒಮ್ಮೆಲೇ ತೆಗೆಯದೆ ಪಟ್ಟಿ ಪಟ್ಟಿಯಾಗಿ ತೆಗೆಯಿರಿ, ತೆಗೆದ ಮಣ್ಣನ್ನು ಮಾಳಿಗೆಯ ನಡುವೆ ಗುಡ್ಡೆ ಹಾಕದೆ ಆಗಿಂದಾಗ ಕೆಳಗೆ ಇಳಿಸಿ. ದೋಣಿಯ ತಳ ಮಣ್ಣಿನ ಮಟ್ಟಕ್ಕಿಂತ ಒಂದು ಇಂಚಾದರೂ ಕೆಳಗೆ ಇರಲಿ. ಬೆಳಕಿಂಡಿಯ ಕಟ್ಟೆಯ ಸುತ್ತ ಹಳೆಯ ಮಣ್ಣನ್ನು ಬುಡದವರೆಗೆ ಬಿಡಿಸಿ, ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಕಲ್ಲು ಮಣ್ಣು ಸೇರುವ ಮೂಲೆಯಲ್ಲಿ ಗಾರೆಯನ್ನೇ ಓರೆಯಾಗಿ ಉಜ್ಜಿ ಮುಗಿಸಿ. ಆ ಜಾಗಕ್ಕೆ ತಗಡಿನ ಪಟ್ಟಿ ಬೇಡ, ಚೌಳಿನ ಉಪ್ಪು ತಗಡನ್ನು ಬೇಗ ತಿಂದುಬಿಡುತ್ತದೆ.

ಹೊಸ ಮಣ್ಣನ್ನು ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡಿ. ಆರುವಾಗ ಕೂದಲೆಳೆಯ ಬಿರುಕುಗಳು ಬಂದೇ ಬರುತ್ತವೆ, ಗಾಬರಿ ಬೇಡ. ಸಗಣಿ ಮತ್ತು ಚೌಳು ಮಣ್ಣಿನ ಬಗ್ಗಡವನ್ನು ಅವುಗಳಿಗೆ ಎಳೆದು ಮತ್ತೊಮ್ಮೆ ಬಡಿಯಬೇಕು.

ಬಳ್ಳಾರಿ

ದೋಣಿಯ ಉದ್ದದ ಬಗ್ಗೆ ಯಾರೂ ಹೇಳಲಿಲ್ಲ. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ನೀರು ಗೋಡೆಗೇ ಹೊಡೆದು ಕಲ್ಲಿನ ಸಂದಿನ ಕೆಸರನ್ನು ತೊಳೆದುಬಿಡುತ್ತದೆ. ನೀರು ನೆಲಕ್ಕೆ ಬೀಳುವ ಜಾಗದಲ್ಲಿ ಒಂದು ಹಾಸುಗಲ್ಲು ಇಟ್ಟು, ಅಲ್ಲಿಂದ ನೀರು ಗೋಡೆಯಿಂದ ದೂರ ಹೋಗುವಂತೆ ಸಣ್ಣ ಕಾಲುವೆ ತೆಗೆಯಿರಿ. ಮಾಳಿಗೆಯ ನೀರನ್ನು ಪಾಯದ ಬುಡಕ್ಕೆ ತಂದು ಸುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಲಿಂಗಸುಗೂರು

ಸಾಹೇಬರ ವಿವರಣೆ ನನಗೆ ಒಪ್ಪಿಗೆಯಾಯಿತು. ನಮ್ಮ ಓಣಿಯ ಹಾಳೆಗಳನ್ನು ಮತ್ತೊಮ್ಮೆ ನೋಡಿ ಬಂದೆ. ಸೋರದೆ ಇರುವ ಮನೆಗಳಲ್ಲಿ ಇಳಿಜಾರು ಚೆನ್ನಾಗಿಯೇ ಇದೆ.

ಕುಷ್ಟಗಿ ತಾಲ್ಲೂಕು

ಕೆಲಸ ಮುಗಿದು ರೋಹಿಣಿ ಮಳೆಯೂ ಬಂದಿತು, ಆದ್ದರಿಂದ ವಿವರ ಬರೆಯುತ್ತಿದ್ದೇನೆ. ಎರಡು ಜಂತಿಗಳನ್ನು ಬದಲಿಸಬೇಕಾಯಿತು. ತೊಲೆಗಳು ಗಟ್ಟಿಯಾಗಿದ್ದವು. ದಕ್ಷಿಣದ ಅಂಚಿನಲ್ಲಿ ಹೆಚ್ಚು ಮಣ್ಣು ಕೆರೆದು ಆರು ಇಂಚಿನ ಇಳಿಜಾರು ತಂದೆವು, ಬೆಳಕಿಂಡಿಯ ಕಟ್ಟೆ ಈಗ ಸುತ್ತಲೂ ಏಳು ಇಂಚು ಎತ್ತರ ಕಾಣುತ್ತದೆ. ಗಂಗಾವತಿಯವರು ಹೇಳಿದ ದಿಬ್ಬವನ್ನೂ ಮಾಡಿಸಿದೆವು. ಮಳೆ ಸುರಿಯುತ್ತಿರುವಾಗ ಏಣಿಯ ಮೇಲೆ ನಿಂತು ನೋಡಿದೆ. ನೀರು ದಿಬ್ಬದ ತುದಿಗೆ ಬಂದು ಎರಡಾಗಿ ಸೀಳಿ, ಬೆಳಕಿಂಡಿಯ ಎರಡೂ ಬದಿಯಿಂದ ಹಾದು ದೋಣಿ ಸೇರುತ್ತಿತ್ತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಎಲ್ಲಿಯೂ ನೀರು ಉಳಿದಿರಲಿಲ್ಲ.

ಒಂದೇ ಒಂದು ತೊಂದರೆ ಉಳಿದಿದೆ. ಬೆಳಕಿಂಡಿಯ ಮೇಲೆ ಕೂರಿಸಿದ ಗಾಜಿನ ಅಂಚಿನಿಂದ ಗಾಳಿ ಮಳೆಯಲ್ಲಿ ಕೆಲವು ಹನಿ ಒಳಗೆ ಬೀಳುತ್ತವೆ.

ರಾಯಚೂರು (ನಿವೃತ್ತ ಎಂಜಿನಿಯರ್)

ಬಹಳ ಸಂತೋಷವಾಯಿತು. ಗಾಜು ಕಟ್ಟೆಯ ಅಳತೆಗೆ ಸರಿಯಾಗಿ ಕೂತಿದ್ದರೆ ಅಂಚಿಗೆ ಬಂದ ನೀರು ಗಾಜಿನ ಕೆಳಮೈಗೆ ಅಂಟಿಕೊಂಡು ಒಳಗೆ ಸರಿಯುತ್ತದೆ. ಕಟ್ಟೆಗಿಂತ ನಾಲ್ಕೂ ಬದಿಗೆ ಎರಡು ಇಂಚು ಹೊರಗೆ ಚಾಚುವಷ್ಟು ದೊಡ್ಡ ಗಾಜನ್ನು ದಕ್ಷಿಣಕ್ಕೆ ಸ್ವಲ್ಪ ಓರೆಯಾಗಿ ಕೂರಿಸಿ. ಹೊಗೆ ಹೋಗಲು ಎಡೆ ಬೇಕೆಂದರೆ ಅದನ್ನು ಇಳಿಜಾರಿನ ಬದಿಗೆ, ಅಂದರೆ ದಕ್ಷಿಣಕ್ಕೆ ಬಿಡಿ.

ಸಿಂಧನೂರು (ಗೌಂಡಿ ಕೆಲಸ)

ಗಾಜು ಬದಲಿಸಲು ಮೇಲೆ ಹತ್ತಿದಾಗ ದೋಣಿಯ ಬಾಯಿಯನ್ನೂ ನೋಡಿಬಿಡಿ ಅಕ್ಕಾವರೇ. ಹೊಸ ಮಣ್ಣಿನಲ್ಲಿರುವ ಹೊಟ್ಟು ಮೊದಲ ಮಳೆಗಳಲ್ಲಿ ತೇಲಿ ಬಂದು ಅಲ್ಲಿ ಸೇರಿಕೊಂಡಿರುತ್ತದೆ. ಮುಂದಿನ ವರ್ಷ ಮಣ್ಣು ಹಾಕಿಸುವಾಗ ಎಷ್ಟು ಬುಟ್ಟಿ ಮೇಲೆ ಏರಿಸುತ್ತೀರೋ ಅಷ್ಟು ಹಳೆಯ ಮಣ್ಣನ್ನು ಮೊದಲು ಕೆಳಗೆ ಇಳಿಸಿರಿ.